ಮಳೆಯ ಸದ್ದಿಗೆ ಮಾತು ಮುಳುಗುತ್ತಿದೆ: ಕಿರುಚಿತ್ರದ ಸೌಂಡ್ ಡಿಸೈನ್ ಎಲ್ಲಿಂದ ಶುರು ಮಾಡಬೇಕು?

ಹೆಂಚಿನಮನೆ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 11 ನಿಮಿಷದ ಕಿರುಚಿತ್ರವೊಂದರ ಎಡಿಟಿಂಗ್ ಮುಗಿದಿದೆ. ಸೌಂಡ್ ಕೆಲಸ ಕಲಿತು ನಾನೇ ಮಾಡಬೇಕು ಅಂತಿದ್ದೇನೆ. ಕಥೆ ನಡೆಯುವುದು ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯೊಂದರಲ್ಲಿ, ಆಷಾಢದ ಒಂದು ಸಂಜೆ; ಪಾತ್ರಗಳು ಅಜ್ಜಿ, ಮೊಮ್ಮಗ ಇಬ್ಬರೇ. ಶೂಟಿಂಗ್ ಆದದ್ದು ಫೆಬ್ರವರಿಯಲ್ಲಿ. ಸೂರಿನಿಂದ ಪೈಪಿನ ನೀರು ಇಳಿಸಿದ ಎರಡು ಶಾಟ್ ಬಿಟ್ಟರೆ ಉಳಿದ ಮಳೆಯೆಲ್ಲ ಕಿವಿಯ ಮೂಲಕವೇ ಬರಬೇಕು.

ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಚಿತ್ರೀಕರಣ, ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿಯಲ್ಲಿ ಎಡಿಟ್. ಬೂಮ್ (ಉದ್ದ ಕೋಲು) ಮೇಲೆ ಶಾಟ್‌ಗನ್ ಮೈಕ್, ಇಬ್ಬರು ನಟರಿಗೂ ಬಟ್ಟೆಗೆ ಸಿಕ್ಕಿಸುವ ಲೇಪಲ್ ಮೈಕ್. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಿನ ಕೋಣೆಯ ಸದ್ದು, ಪ್ರತ್ಯೇಕವಾಗಿ ತೆಗೆದಿಲ್ಲ.

ಈಗಿನ ಸ್ಥಿತಿ ಹೀಗಿದೆ. ಶಾಟ್ ಬದಲಾದಾಗಲೆಲ್ಲ ಹಿಂದಿನ ಸದ್ದೂ ಬದಲಾಗಿ ಕಟ್ ಎದ್ದು ಕಾಣುತ್ತದೆ. ಕೆಲವು ಶಾಟ್‌ಗಳಲ್ಲಿ ಫ್ಯಾನ್ ಓಡುತ್ತಿತ್ತು. ಇಂಟರ್ನೆಟ್ಟಿನಿಂದ ತಂದ ಮಳೆ ಹಾಕಿದರೆ ಹಳೇ ಟೀವಿಯಲ್ಲಿ ಸಿಗ್ನಲ್ ಹೋದಾಗ ಬರುವ ಸುಯ್ ಸದ್ದಿನ ಹಾಗಿದೆ, ಮಾತೂ ಅದರಲ್ಲಿ ಮುಳುಗುತ್ತದೆ. ನಟರು ಬರಿಗಾಲಲ್ಲಿ ನಡೆಯುವಾಗ ಹೆಜ್ಜೆಯೇ ಕೇಳುವುದಿಲ್ಲ. ಹೆಡ್‌ಫೋನಿನಲ್ಲಿ ಸರಿ ಅನ್ನಿಸಿದ್ದು ಮೊಬೈಲಿನಲ್ಲಿ ತೆಳ್ಳಗಾಗುತ್ತದೆ. ಯಾವುದನ್ನು ಮೊದಲು ಕಲಿಯಬೇಕು, ಯಾವ ಸಾಫ್ಟ್‌ವೇರ್‌ನಲ್ಲಿ?

---

ಮಾತಿನ_ಟ್ರ್ಯಾಕ್ ಉತ್ತರ

ಸೌಂಡ್ ಡಿಸೈನ್ ಅಂದರೆ ಗುಡುಗು, ಸಿಡಿಲು ಸೇರಿಸುವುದು ಅಂತ ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಮಾತಿನ ಟ್ರ್ಯಾಕ್ ಸರಿಯಾಗದೆ ಮೇಲೆ ಏನು ಹಾಕಿದರೂ ನಿಲ್ಲುವುದಿಲ್ಲ. ನಿಮ್ಮ ಮೊದಲ ಎರಡು ವಾರ ಇದಕ್ಕೇ ಹೋಗಲಿ.

ಸಾಫ್ಟ್‌ವೇರ್ ಬಗ್ಗೆ ಒಂದೇ ಮಾತು: ರಿಸಾಲ್ವ್ ಒಳಗೇ ಸೌಂಡ್ ಕೆಲಸಕ್ಕೆಂದು ಫೇರ್‌ಲೈಟ್ ಪುಟ ಇದೆ, ಅಲ್ಲೇ ಮಾಡಿ. ಫೈಲ್ ಹೊರಗೆ ಕಳಿಸುವ, ಸಿಂಕ್ ತಪ್ಪುವ ತಲೆನೋವಿಲ್ಲ. ಮುಂದೆ ಸ್ಟುಡಿಯೋ ಕೆಲಸಕ್ಕೆ ಹೋಗುವುದಾದರೆ ಪ್ರೊ ಟೂಲ್ಸ್ ಕಲಿಯಲೇಬೇಕು, ಆದರೆ ಅದರ ಉಚಿತ ಆವೃತ್ತಿಯಲ್ಲಿ ಆಡಿಯೋ ಟ್ರ್ಯಾಕ್ 8 ಮಾತ್ರ. ಈ ಚಿತ್ರಕ್ಕೆ ಅದು ಸಾಲುವುದಿಲ್ಲ.

ಚಿತ್ರ ಲಾಕ್ ಆದಮೇಲೆ, ಅಂದರೆ ಇನ್ನು ಒಂದು ಫ್ರೇಮೂ ಅಲ್ಲಾಡುವುದಿಲ್ಲ ಎಂದಮೇಲೆ, ಮಾತಿನ ಕ್ಲಿಪ್‌ಗಳನ್ನು ಕ್ಯಾಮೆರಾ ಕೋನಕ್ಕೆ ತಕ್ಕಂತೆ ಬೇರೆ ಬೇರೆ ಟ್ರ್ಯಾಕಿಗೆ ಹಂಚಿ. ಅಜ್ಜಿಯ ಕ್ಲೋಸಪ್ ಒಂದರಲ್ಲಿ, ಮೊಮ್ಮಗನದು ಇನ್ನೊಂದರಲ್ಲಿ, ವೈಡ್ ಮೂರನೆಯದರಲ್ಲಿ ಎನ್ನುವ ಹಾಗೆ. ಒಂದು ಟ್ರ್ಯಾಕಿಗೆ ಹಾಕಿದ ಈಕ್ಯೂ (ಸದ್ದಿನ ಮಂದ, ತೀಕ್ಷ್ಣ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವುದು) ಆ ಕೋನದ ಎಲ್ಲ ಕ್ಲಿಪ್‌ಗೂ ಹೊಂದುತ್ತದೆ.

ಬೂಮ್, ಲೇಪಲ್ ಎರಡನ್ನೂ ಒಟ್ಟಿಗೆ ತೆರೆದಿಡಬೇಡಿ. ಬಾಯಿಂದ ಲೇಪಲ್‌ಗಿಂತ ಬೂಮ್ 60 ಸೆಂಟಿಮೀಟರ್ ಹೆಚ್ಚು ದೂರವಿದ್ದರೆ ಸದ್ದು ಸುಮಾರು 1.75 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಕೂಡಿದಾಗ 285 ಹರ್ಟ್ಸ್ ಹತ್ತಿರ ಸದ್ದು ಕುಸಿದ ಒಂದು ಗುಂಡಿ, 855ರ ಹತ್ತಿರ ಇನ್ನೊಂದು, ಹೀಗೆ ಸಾಲುಗುಂಡಿ ಬೀಳುತ್ತವೆ. ದನಿ ಕೊಳವೆಯಿಂದ ಬಂದ ಹಾಗೆ ಕೇಳುವುದು ಇದಕ್ಕೇ. ಬೂಮ್ ಚೆನ್ನಾಗಿದ್ದರೆ ಅದೇ ಇರಲಿ, ಕೋಣೆಯ ಅಂದಾಜು ಅದರಲ್ಲೇ ಇರುತ್ತದೆ. ಲೇಪಲ್ ಅನ್ನು ಬೂಮ್ ಕೈಕೊಟ್ಟ ಸಾಲಿಗೆ ಮಾತ್ರ ತನ್ನಿ.

ಇನ್ನು ಕಟ್ ಎದ್ದು ಕಾಣುವ ವಿಷಯ. ರೂಮ್ ಟೋನ್ ಇಲ್ಲದಿದ್ದರೂ ಅದು ನಿಮ್ಮ ರೆಕಾರ್ಡಿಂಗಿನ ಒಳಗೇ ಅಡಗಿದೆ. ನಿರ್ದೇಶಕರು "ಆಕ್ಷನ್" ಅಂದಮೇಲೆ ನಟ ಬಾಯಿ ತೆರೆಯುವ ಮೊದಲಿನ ಅರ್ಧ ಸೆಕೆಂಡು, ಎರಡು ಮಾತಿನ ನಡುವಿನ ಮೌನ, "ಕಟ್" ಅನ್ನುವ ಮುಂಚಿನ ಕ್ಷಣ, ಬಳಸದೆ ಬಿಟ್ಟ ಟೇಕ್‌ಗಳು. ಪ್ರತಿ ಕೋನಕ್ಕೂ ಇಂಥ 10-15 ತುಂಡು ಹೆಕ್ಕಿ, ಉಸಿರಾಟ, ಬಟ್ಟೆ ಸದ್ದು ಇಲ್ಲದವನ್ನು ಮಾತ್ರ ಇಟ್ಟುಕೊಂಡು, ಕ್ರಾಸ್‌ಫೇಡ್ ಮಾಡಿ (ಒಂದು ಇಳಿಯುತ್ತಿರುವಾಗ ಇನ್ನೊಂದನ್ನು ಏರಿಸಿ) 20 ಸೆಕೆಂಡಿನ ಪಟ್ಟಿ ಕಟ್ಟಿ. ಎರಡು ಸೆಕೆಂಡಿನ ಒಂದೇ ತುಂಡನ್ನು ಲೂಪ್ ಮಾಡಿದರೆ ಗಿರಣಿ ತಿರುಗಿದ ಹಾಗೆ ಲಯ ಕೇಳಿಸುತ್ತದೆ. ಬೇರೆ ಬೇರೆ ತುಂಡು ಸೇರಿಸುವಾಗ ಈಕ್ವಲ್ ಪವರ್ ಕ್ರಾಸ್‌ಫೇಡ್ ಬಳಸಿ, ಇಲ್ಲದಿದ್ದರೆ ಪ್ರತಿ ಬೆಸುಗೆಯಲ್ಲೂ ಸದ್ದು ಒಂದಿಷ್ಟು ಕುಸಿಯುತ್ತದೆ.

ಆಮೇಲೆ ಗದ್ದಲದ ಶಾಟನ್ನು ತೊಳೆದು ಶಾಂತ ಶಾಟಿಗೆ ಸಮ ಮಾಡಲು ಹೋಗಬೇಡಿ. ಉಲ್ಟಾ ಮಾಡಿ: ಗದ್ದಲದ ಶಾಟಿನ ರೂಮ್ ಟೋನ್ ತೆಗೆದು ಶಾಂತ ಶಾಟಿನ ಕೆಳಗೆ ಹಾಸಿ. ದೃಶ್ಯದ ಉದ್ದಕ್ಕೂ ಒಂದೇ ಮಟ್ಟದ ಸದ್ದು ಇದ್ದರೆ ಕಿವಿ ಅದನ್ನು ಹತ್ತು ಸೆಕೆಂಡಿನಲ್ಲಿ ಮರೆಯುತ್ತದೆ, ಬದಲಾವಣೆಯನ್ನು ಮರೆಯುವುದಿಲ್ಲ. ಕ್ಲಿಪ್‌ಗಳ ಅಂಚನ್ನು ಕಟ್‌ನಿಂದ ಆಚೀಚೆ 10-12 ಫ್ರೇಮ್ ಎಳೆದು, ಏರಿಳಿತ ಯಾವುದಾದರೂ ಪದದ ಕೆಳಗೆ ಬರುವ ಹಾಗೆ ಫೇಡ್ ಕೊಡಿ.

ನಾಯ್ಸ್ ರಿಡಕ್ಷನ್ ಬಳಸುವುದಾದರೆ ಒಮ್ಮೆಗೇ 18 ಡೆಸಿಬೆಲ್ ಕಡಿಯುವ ಬದಲು 4-6 ಡೆಸಿಬೆಲ್‌ನಂತೆ ಎರಡು ಸಲ. ಅತಿಯಾದರೆ ದನಿ ನೀರೊಳಗಿಂದ ಬಂದ ಹಾಗಾಗುತ್ತದೆ, ಅದನ್ನು ಆಮೇಲೆ ಯಾವ ಪ್ಲಗಿನ್ನೂ ಸರಿ ಮಾಡಲಾರದು. ಕರೆಂಟಿನ ಗುಂಯ್ ಸದ್ದಿದ್ದರೆ 50, 100, 150 ಹರ್ಟ್ಸ್‌ನಲ್ಲಿ ಕಿರಿದಾದ ನಾಚ್ (ಆ ಒಂದು ಜಾಗವನ್ನಷ್ಟೇ ಕಡಿಯುವ ಫಿಲ್ಟರ್) ಕೊಡಿ. ಪಾಶ್ಚಾತ್ಯ ಟ್ಯುಟೋರಿಯಲ್ ನೋಡಿ 60ಕ್ಕೆ ಕೊಟ್ಟರೆ ಏನೂ ಆಗದು, ಅದು ಅಮೆರಿಕದ ಕರೆಂಟು.

---

ಸೂರುನೀರು ಉತ್ತರ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ: ಮಾತನ್ನು ತೊಳೆಯುವ ಮುಂಚೆ ಮಳೆಯನ್ನು ಒರಟಾಗಿಯಾದರೂ ಹಾಸಿಬಿಡಿ. ಫ್ಯಾನಿನ ಗಾಳಿಸದ್ದನ್ನು ಮಳೆಯೇ ಮುಚ್ಚುತ್ತದೆ. ಮಳೆ ಇಲ್ಲದೆ ಕೇಳಿದಾಗ ಅಸಹ್ಯ ಅನ್ನಿಸಿದ ಎಷ್ಟೋ ಸಾಲು ಮಳೆಯ ಜೊತೆ ಏನೂ ಮಾಡದೆಯೇ ನಿಲ್ಲುತ್ತವೆ.

ತಂದ ಮಳೆ ಟೀವಿ ಸುಯ್‌ನಂತೆ ಕೇಳುವುದಕ್ಕೆ ಕಾರಣವಿದೆ. ಮಳೆಗೆ ತನ್ನದೇ ಸದ್ದು ಬಹಳ ಕಡಿಮೆ, ನಮಗೆ ಕೇಳುವುದು ಅದು ಬಿದ್ದ ಜಾಗದ ಸದ್ದು. ಬಯಲಿನಲ್ಲಿ ದೂರದಿಂದ ಹಿಡಿದ ಮಳೆಯಲ್ಲಿ ಲಕ್ಷಾಂತರ ಹನಿ ಕಲಸಿಹೋಗಿ ಬರೀ ಸುಯ್ ಉಳಿಯುತ್ತದೆ. ಹೆಂಚು, ತಗಡು, ಅಂಗಳದ ಕೆಸರು, ಸೂರಿನ ಕೆಳಗಿಟ್ಟ ಹಂಡೆ, ಅಡಿಕೆ ಸೋಗೆ ಇವು ಒಂದೊಂದೂ ಬೇರೆ ವಾದ್ಯ. ಹಾಗಾಗಿ ಒಂದು ಫೈಲಿನ ಬದಲು ನಾಲ್ಕು ಪದರ ಕಟ್ಟಿ. ತಳದಲ್ಲಿ ದೂರದ ತೋಟದ ಮೇಲೆ ಬೀಳುವ ಮಳೆ, ಮಂದವಾಗಿ. ಅದರ ಮೇಲೆ ಒಳಗಿನಿಂದ ಕೇಳುವ ಹೆಂಚಿನ ಸದ್ದು. ಎಡಕ್ಕೊಂದು ಬಲಕ್ಕೊಂದು ಬೇರೆ ಟೇಕ್ ಹಾಕಿ, ಒಂದನ್ನೇ ನಕಲು ಮಾಡಿದರೆ ಅಗಲ ಬರುವುದಿಲ್ಲ. ಮೂರನೆಯದು ಸೂರಿನಿಂದ ಕಲ್ಲಿನ ಮೇಲೆ ಇಳಿಯುವ ಧಾರೆ. ನಾಲ್ಕನೆಯದು ಬಿಡಿ ಹನಿಗಳು, ಹಂಡೆಗೋ ಬಕೆಟ್ಟಿಗೋ ಬೀಳುವಂಥವು. ಮಳೆ ಜೋರೋ ಸಣ್ಣದೋ ಎಂದು ಪ್ರೇಕ್ಷಕರಿಗೆ ಹೇಳುವುದು ಈ ಕೊನೆಯ ಎರಡು ಪದರ. ತಳದ ಪದರ ಏರಿಸಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಮಳೆ ಹೆಚ್ಚುವುದಿಲ್ಲ.

ಮಳೆಗಾಲ ಬಂದಾಗ ಇವನ್ನು ನೀವೇ ರೆಕಾರ್ಡ್ ಮಾಡಿ. ರೆಕಾರ್ಡರ್ ಜಗಲಿಯ ಒಳಗೆ, ಸೂರಿನ ಅಂಚಿನಿಂದ ಒಂದೂವರೆ ಮೀಟರ್ ಹಿಂದೆ, ಮೈಕಿಗೆ ತುಪ್ಪಳದ ಗಾಳಿಕವಚ. ಮೈಕಿನ ತೀರ ಹತ್ತಿರ ಹನಿ ಬೀಳುತ್ತಿದ್ದರೆ ಆ ಜಾಗಕ್ಕೆ ತೆಂಗಿನ ನಾರಿನ ಕಾಲೊರೆಸು ಹಾಸಿ, ಹನಿ ಸದ್ದಿಲ್ಲದೆ ಇಂಗುತ್ತದೆ. ಅತಿ ಜೋರಿನ ಹನಿಯೂ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ (ರೆಕಾರ್ಡಿಂಗ್ ಮಟ್ಟ) ಇಡಿ. ಒಂದೊಂದೂ ಕನಿಷ್ಠ ಮೂರು ನಿಮಿಷ. ಶುರುವಿನಲ್ಲೇ "ಹೆಂಚು, ಅಟ್ಟವಿಲ್ಲದ ಕೋಣೆ, ಜೋರು ಮಳೆ" ಅಂತ ಬಾಯಲ್ಲಿ ಹೇಳಿ. ಆರು ತಿಂಗಳಾದಮೇಲೆ ಫೈಲ್ ಹೆಸರು ನೋಡಿ ಏನೂ ನೆನಪಾಗುವುದಿಲ್ಲ.

ಒಳಾಂಗಣ ಅಂದ ತಕ್ಷಣ ಮಳೆಗೆ 2 ಕಿಲೋಹರ್ಟ್ಸ್ ಲೋ-ಪಾಸ್ (ಅದಕ್ಕಿಂತ ಮೇಲಿನ ತೀಕ್ಷ್ಣ ಸದ್ದು ಕಡಿಯುವ ಫಿಲ್ಟರ್) ಹಾಕಿ ಎನ್ನುವ ಪಾಠ ಕಾಂಕ್ರೀಟ್ ಮನೆಗೆ ಹೊಂದುತ್ತದೆ. ಹೆಂಚಿನ ಮನೆಯಲ್ಲಿ ಹೆಂಚಿನ ಸಂದಿಯಿಂದಲೇ ತೀಕ್ಷ್ಣ ಸದ್ದು ಒಳಗಿಳಿಯುತ್ತದೆ. ಅಟ್ಟವಿರುವ ಕೋಣೆಯಲ್ಲಿ ಮಾತ್ರ ಅದು ಮಂದ. ಪಾತ್ರ ಅಡುಗೆಮನೆಯಿಂದ ನಡುಮನೆಗೆ ಬಂದರೆ ಈ ವ್ಯತ್ಯಾಸ ಕೇಳಲಿ, ಮನೆಯ ನಕ್ಷೆಯೇ ಕಿವಿಗೆ ಸಿಗುತ್ತದೆ.

ಮಾತು ಮುಳುಗದಿರಲು: ಮಳೆಯ ನಾಲ್ಕೂ ಪದರವನ್ನು ಒಂದೇ ಬಸ್‌ಗೆ (ಹಲವು ಟ್ರ್ಯಾಕ್ ಒಟ್ಟು ಸೇರುವ ದಾರಿ) ಕಳಿಸಿ, ಅಲ್ಲಿ 1.5ರಿಂದ 4 ಕಿಲೋಹರ್ಟ್ಸ್ ನಡುವೆ 3-4 ಡೆಸಿಬೆಲ್ ಅಗಲವಾಗಿ ತಗ್ಗಿಸಿ. ಕ, ತ, ಸ, ಚ ಬಿಡಿಸಿ ಕೇಳಬೇಕಾದರೆ ಆ ಜಾಗ ಖಾಲಿ ಬೇಕು. ಇನ್ನೊಂದು ಉಪಾಯ ಈಕ್ಯೂಗಿಂತ ದೊಡ್ಡದು. ದೃಶ್ಯ ತೆರೆದ ಮೊದಲ ನಾಲ್ಕೈದು ಸೆಕೆಂಡು ಮಳೆಯನ್ನು ಧಾರಾಳವಾಗಿ ಕೊಟ್ಟು, ಮೊದಲ ಮಾತಿಗೆ ಮುಂಚೆ ನಿಧಾನಕ್ಕೆ 6 ಡೆಸಿಬೆಲ್ ಇಳಿಸಿ. ಮಳೆ ಕಡಿಮೆಯಾಯಿತೆಂದು ಯಾರಿಗೂ ಅನ್ನಿಸದು. ಮಾತು ನಿಂತು ಇಬ್ಬರೂ ಸುಮ್ಮನೆ ಕೂತಾಗ ಮತ್ತೆ ಏರಲಿ.

ಜಾಗದ ತಪ್ಪುಗಳ ಬಗ್ಗೆ ದಯವಿಟ್ಟು ಎಚ್ಚರ ವಹಿಸಿ. ಫೆಬ್ರವರಿಯ ಟ್ರ್ಯಾಕಿನಲ್ಲಿ ಮಾತಿನ ಹಿಂದೆ ಕುಟ್ರು ಹಕ್ಕಿ ಕೂಗುತ್ತಿರುವ ಸಾಧ್ಯತೆ ಬಹಳ. ಆಷಾಢದ ಜಡಿಮಳೆಯ ಸಂಜೆಗೆ ಅದು ಸಲ್ಲ, ಹುಡುಕಿ ತೆಗೆಯಿರಿ. ಕೋಗಿಲೆಯೂ ಬೇಡ. ಮಳೆ ಹೊಳವಾದಾಗ ಕಪ್ಪೆ ಬರಲಿ, ಮತ್ತೆ ಜೋರು ಹಿಡಿದಾಗ ಸುಮ್ಮನಾಗಲಿ. ವಿದೇಶಿ ಲೈಬ್ರರಿಯ "ರಾತ್ರಿ" ಫೈಲ್‌ಗಳಲ್ಲಿ ಯುರೋಪಿನ ಗೂಬೆ, ಅಮೆರಿಕದ ಲೂನ್ ಹಕ್ಕಿ ಇರುತ್ತವೆ. ಮಲೆನಾಡಿನವರು ಮೊದಲ ಕೂಗಿಗೇ ಹಿಡಿದುಬಿಡುತ್ತಾರೆ.

ಕಥೆಗೆ ಒಗ್ಗುವುದಾದರೆ ಒಂದು ಸಲಹೆ. ಫ್ಯಾನ್ ಇರುವ ಶಾಟ್‌ಗಳೆಲ್ಲ ದೃಶ್ಯದ ಮೊದಲರ್ಧದಲ್ಲೇ ಇದ್ದರೆ, ನಡುವೆ ಕರೆಂಟು ಹೋಗಲಿ. ಅದೇ ಫ್ಯಾನ್ ಆರಿಸಿ ಅದು ನಿಧಾನವಾಗಿ ನಿಲ್ಲುವ ಸದ್ದನ್ನು ಪೂರ್ತಿ ರೆಕಾರ್ಡ್ ಮಾಡಿ ಅಲ್ಲಿ ಕೂರಿಸಿ. ಫ್ರಿಜ್ಜಿನ ಗುನುಗೂ ಕೂಡಲೇ ನಿಂತು, ಉಳಿದದ್ದು ಮಳೆ ಮಾತ್ರ ಎಂದಾಗ ಆ ಮನೆಯ ಒಂಟಿತನ ಸಂಗೀತವಿಲ್ಲದೆಯೇ ಬರುತ್ತದೆ.

---

ಬೆಳ್ಳಿಪರದೆ_ಹಾಸನ ಉತ್ತರ

ಇಷ್ಟೆಲ್ಲ ಯಾಕೆ? ಪೂರ್ತಿ ಡಬ್ಬಿಂಗ್ ಮಾಡಿಬಿಡಿ, ನಮ್ಮ ಸಿನಿಮಾಗಳಲ್ಲಿ ದಶಕಗಟ್ಟಲೆ ಹಾಗೇ ನಡೆದಿದೆ. ಫ್ಯಾನ್ ಸಮಸ್ಯೆಯೇ ಇರುವುದಿಲ್ಲ.

---

ಮಾತಿನ_ಟ್ರ್ಯಾಕ್ ಉತ್ತರ

ಸರ್, ಡಬ್ಬಿಂಗ್ ಕೀಳೇನಲ್ಲ, ಆದರೆ ಎರಡೇ ಪಾತ್ರದ ಮನೆಯೊಳಗಿನ ಕಥೆಯಲ್ಲಿ ಸೆಟ್ಟಿನ ಉಸಿರಾಟ, ತಡವರಿಕೆ ಮತ್ತೆ ಸಿಗುವುದಿಲ್ಲ. ಪೂರ್ತಿ ಡಬ್ ಮಾಡಿದರೆ ಪ್ರತಿ ಬಟ್ಟೆ ಸದ್ದು, ಪ್ರತಿ ಲೋಟದ ಸದ್ದೂ ಹೊಸದಾಗಿ ಕಟ್ಟಬೇಕು, ಕೆಲಸ ಮೂರು ಪಟ್ಟು. ನಿಜವಾಗಿ ಕೆಟ್ಟುಹೋದ ಸಾಲನ್ನಷ್ಟೇ ಮತ್ತೆ ಹೇಳಿಸಿ. ಸ್ಟುಡಿಯೋ ಬೂತ್‌ಗಿಂತ ಅದೇ ಮನೆಯ ಅದೇ ಕೋಣೆಯಲ್ಲಿ, ಫ್ಯಾನ್ ಆರಿಸಿ, ಶೂಟಿಂಗಿಗೆ ಬಳಸಿದ ಅದೇ ಮೈಕನ್ನು ಅದೇ ದೂರದಲ್ಲಿಟ್ಟು ಮಾಡಿದರೆ ಹೊಂದಿಸುವುದು ಸುಲಭ. ನಟರಿಗೆ ಹೆಡ್‌ಫೋನಿನಲ್ಲಿ ಹಳೆಯ ಸಾಲನ್ನು ಮೂರು ಸಲ ಕೇಳಿಸಿ, ಕೂಡಲೇ ಹೇಳಿಸಿ. ತುಟಿ ನೋಡಿಕೊಂಡು ಹೇಳಿದ್ದಕ್ಕಿಂತ ಕಿವಿಯಲ್ಲಿ ಕೇಳಿ ಹೇಳಿದ್ದರಲ್ಲಿ ಲಯ ಚೆನ್ನಾಗಿ ಕೂರುತ್ತದೆ.

---

ಕೌದಿಕೋಣೆ ಉತ್ತರ

ಹೆಜ್ಜೆ ಸದ್ದಿನ ಬಗ್ಗೆ. ಇದಕ್ಕೆ ಫೋಲಿ ಅನ್ನುತ್ತಾರೆ, ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸ ಬೆಳೆಸಿದ ಜ್ಯಾಕ್ ಫೋಲಿ ಅವರ ಹೆಸರೇ ಕಸುಬಿಗೆ ಬಂತು. ಚಿತ್ರ ನೋಡುತ್ತ ಮೂರು ಸುತ್ತು ರೆಕಾರ್ಡ್ ಮಾಡಿ: ಮೊದಲು ಹೆಜ್ಜೆ, ಆಮೇಲೆ ಬಟ್ಟೆ, ಕೊನೆಗೆ ಕೈಗೆ ಸಿಕ್ಕ ವಸ್ತುಗಳು. ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮಾಡಿದರೆ ಲೋಟದ ಸದ್ದು ತಗ್ಗಿಸಲು ಹೋಗಿ ಹೆಜ್ಜೆಯೂ ತಗ್ಗುತ್ತದೆ.

ಗೋಡೆಗೆ ಕೌದಿ, ರಗ್ಗು ನೇತುಹಾಕಿದ ಮಲಗುವ ಕೋಣೆ ಸಾಕು. ಮೈಕ್ ಕಾಲಿನಿಂದ 70-100 ಸೆಂಟಿಮೀಟರ್ ದೂರ. ತೀರ ಹತ್ತಿರ ಇಟ್ಟರೆ ವೈಡ್ ಶಾಟಿನ ಹೆಜ್ಜೆಯೂ ಪ್ರೇಕ್ಷಕರ ಕಿವಿಯ ಮೇಲೇ ಬಿದ್ದ ಹಾಗಿರುತ್ತದೆ. ಬರಿಗಾಲು ಕೇಳದಿರಲು ಕಾರಣ ಒಣ ಅಂಗಾಲು. ಕೆಂಪು ಕಾವಿ ನೆಲದ ಮೇಲೆ ಅಂಗಾಲನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ನಡೆದರೆ ಅಂಟಿ ಬಿಡುವ ಸಣ್ಣ ಸದ್ದು ಬರುತ್ತದೆ, ಬರಿಗಾಲಿನ ಗುರುತೇ ಅದು. ಹಿಮ್ಮಡಿ ಊರುವ ಮಂದ ಸದ್ದು ಬೇರೆ ಬೇಕಾಗುತ್ತದೆ. ಹವಾಯಿ ಚಪ್ಪಲಿಯಾದರೆ ಒಂದು ಹೆಜ್ಜೆಗೆ ಎರಡು ಸದ್ದು: ನೆಲಕ್ಕೊಂದು, ಹಿಮ್ಮಡಿಗೆ ಬಡಿಯುವುದಿನ್ನೊಂದು. ಎರಡನೆಯದು ಮರೆತರೆ ಚಪ್ಪಲಿ ಅಂತ ಅನ್ನಿಸುವುದೇ ಇಲ್ಲ. ಅಜ್ಜಿಗೆ ಹತ್ತಿ ಸೀರೆಯೇ ಬಳಸಿ. ರೇಷ್ಮೆಯ ಸರಪರ ತೀಕ್ಷ್ಣ, ಮದುವೆಮನೆ ನೆನಪಾಗುತ್ತದೆ. ಗಾಜಿನ ಬಳೆ ಪ್ರತಿ ಅಲುಗಾಟಕ್ಕೂ ಬೇಡ, ಕೈ ನಿಂತಾಗ ಒಂದು ಸಾಕು.

ಸಿಂಕ್: 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, 1920 ಸ್ಯಾಂಪಲ್. ಸದ್ದು ಚಿತ್ರಕ್ಕಿಂತ ಮುಂಚೆ ಬಂದರೆ ಬೇಗ ಗೊತ್ತಾಗುತ್ತದೆ, ತುಸು ತಡವಾದರೆ ಸಹಿಸುತ್ತೇವೆ. ಪ್ರಕೃತಿಯಲ್ಲಿ ಬೆಳಕೇ ಮೊದಲು ತಲುಪುವುದು. ಅನುಮಾನವಿದ್ದರೆ ಸದ್ದನ್ನು ಅರ್ಧ ಫ್ರೇಮ್ ತಡವಾಗುವಂತೆ ಸರಿಸಿ.

---

ಹೆಂಚಿನಮನೆ ಉತ್ತರ

ಎಲ್ಲರಿಗೂ ಧನ್ಯವಾದ. ಫ್ಯಾನ್ ಶಾಟ್‌ಗಳು ಮೊದಲರ್ಧದಲ್ಲೇ ಇವೆ, ಕರೆಂಟು ಹೋಗುವ ಉಪಾಯ ಹೊಂದುತ್ತದೆ. ಇನ್ನು ಎರಡು ಪ್ರಶ್ನೆ. ಮೊಬೈಲಿನಲ್ಲೂ ಚಿತ್ರೋತ್ಸವದ ಹಾಲಿನಲ್ಲೂ ಸರಿ ಕೇಳುವಂತೆ ಮಿಕ್ಸ್ ಹೇಗೆ? ಲೈಬ್ರರಿ ಸದ್ದುಗಳ ಹಕ್ಕಿನ ವಿಷಯ ಹೇಗೆ?

---

ಫೇಡರ್_ಸೊನ್ನೆ ಉತ್ತರ

ಮೊದಲು ಹೆಡ್‌ಫೋನ್ ಬಿಟ್ಟು ಒಂದು ಜೊತೆ ಸ್ಪೀಕರ್ ಮುಂದೆ ಕೂರಿ, ಅವುಗಳ ವಾಲ್ಯೂಮ್ ಕಟ್ಟಿಹಾಕಿ. ಮೈನಸ್ 20 ಡೆಸಿಬೆಲ್ ಮಟ್ಟದ ಪಿಂಕ್ ನಾಯ್ಸ್ (ಅಳತೆಗೆ ಬಳಸುವ ಸುಯ್ ಸದ್ದು) ಅನ್ನು ಒಂದೊಂದೇ ಸ್ಪೀಕರಿನಲ್ಲಿ ನುಡಿಸಿ, ಕೂರುವ ಜಾಗದಲ್ಲಿ ಸದ್ದಿನ ಮೀಟರನ್ನು ಸಿ-ವೇಟಿಂಗ್, ಸ್ಲೋ ಸೆಟ್ಟಿಂಗ್‌ನಲ್ಲಿ ಇಟ್ಟು ನೋಡಿ. ಥಿಯೇಟರಿನ ಅಳತೆ 85 ಡೆಸಿಬೆಲ್, ಸಣ್ಣ ಕೋಣೆಗೆ 76-78 ಸಾಕು. ಆ ಜಾಗಕ್ಕೆ ಗುಂಡಿಯ ಮೇಲೆ ಟೇಪ್ ಅಂಟಿಸಿ ಮತ್ತೆ ಮುಟ್ಟಬೇಡಿ. ಗುಂಡಿ ತಿರುಗಿಸುತ್ತ ಮಿಕ್ಸ್ ಮಾಡುವವರ ಮೊದಲ ದೃಶ್ಯಕ್ಕೂ ಕೊನೆಯ ದೃಶ್ಯಕ್ಕೂ ತಾಳೆಯೇ ಇರುವುದಿಲ್ಲ. ಆ ಮಟ್ಟದಲ್ಲಿ ಮಾತನ್ನು ಹಿತವಾಗಿ ಕೇಳುವಲ್ಲಿ ನಿಲ್ಲಿಸಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ.

ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಒಟ್ಟಾರೆ ಜೋರಿನ ಅಳತೆ) ಜೋರಾದದ್ದನ್ನು ತಗ್ಗಿಸುತ್ತದೆ, ಮೆತ್ತಗಿರುವುದನ್ನು ಏರಿಸುವುದಿಲ್ಲ. ಆದ್ದರಿಂದ ಹಾಲಿನ ಮಿಕ್ಸನ್ನೇ ಅಲ್ಲಿ ಹಾಕಿದರೆ ಮೊಬೈಲಿನಲ್ಲಿ ಪಿಸುಗುಟ್ಟುತ್ತದೆ. ಆನ್‌ಲೈನಿಗೆ ಬೇರೆ ಪ್ರತಿ ಮಾಡಿ: ಮೈನಸ್ 16ರ ಆಸುಪಾಸು, ಟ್ರೂ ಪೀಕ್ (ಅತಿ ಜೋರಿನ ಕ್ಷಣದ ಮಟ್ಟ) ಮೈನಸ್ 1, ಮಳೆ ಇನ್ನೊಂದು 2 ಡೆಸಿಬೆಲ್ ಕೆಳಗೆ. ಮೊಬೈಲ್ ಸ್ಪೀಕರಿನಲ್ಲಿ 200-300 ಹರ್ಟ್ಸ್ ಕೆಳಗಿನದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರೀ 40 ಹರ್ಟ್ಸ್‌ನ ಗುಡುಗು ಅಲ್ಲಿ ಮಾಯವಾಗುತ್ತದೆ. ಗುಡುಗಿಗೆ 300-800 ಹರ್ಟ್ಸ್ ನಡುವಿನ ಉರುಳುವ ಪದರವೊಂದನ್ನು ಜೊತೆ ಮಾಡಿ.

ಹಾಲಿಗೆ ಬರೀ ಸ್ಟೀರಿಯೋ ಕೊಟ್ಟರೆ ಪಕ್ಕದ ಸೀಟಿನವರಿಗೆ ಮಾತೆಲ್ಲ ಹತ್ತಿರದ ಸ್ಪೀಕರಿನಿಂದಲೇ ಬರುತ್ತದೆ, ಪರದೆಯ ಮಧ್ಯದಿಂದಲ್ಲ. 5.1 (ಮಧ್ಯ, ಎಡ, ಬಲ, ಹಿಂದಿನ ಎರಡು ಸ್ಪೀಕರ್, ಒಂದು ಸಬ್‌ವೂಫರ್) ಮಾಡಿ, ಮಾತನ್ನು ಸೆಂಟರಿಗೆ ಕಟ್ಟಿ. ಮಳೆ ಅಕ್ಕಪಕ್ಕದಲ್ಲಿದ್ದು, ಹೆಂಚಿನ ಪದರ ತುಸು ಹಿಂದಿನ ಸ್ಪೀಕರಿಗೂ ಹೋಗಲಿ. ಮಾತು, ಸಂಗೀತ, ಎಫೆಕ್ಟ್ಸ್ ಮೂರನ್ನೂ ಬೇರೆ ಬೇರೆ ಸ್ಟೆಮ್ ಆಗಿ ಉಳಿಸಿ. ನಾಳೆ ತುಳುವಿಗೋ ಕೊಂಕಣಿಗೋ ಡಬ್ ಮಾಡುವುದಾದರೆ ಅದೇ ಬೇಕಾಗುವುದು.

ಒಂದು ಎಚ್ಚರಿಕೆ, ನೀವು 25 ಫ್ರೇಮ್ ಅಂದದ್ದಕ್ಕೆ. ಚಿತ್ರೋತ್ಸವದವರು 24 ಫ್ರೇಮ್‌ನ ಡಿಸಿಪಿ (ಥಿಯೇಟರಿನಲ್ಲಿ ತೋರಿಸುವ ಡಿಜಿಟಲ್ ಪ್ರತಿ) ಕೇಳಿದರೆ, ಚಿತ್ರ ನಿಧಾನವಾಗಿ 11 ನಿಮಿಷ ಇದ್ದದ್ದು 27.5 ಸೆಕೆಂಡ್ ಬೆಳೆಯುತ್ತದೆ. ಸದ್ದನ್ನೂ ಅಷ್ಟೇ ಎಳೆಯಬೇಕು. ಸುಮ್ಮನೆ ಎಳೆದರೆ ಸ್ಥಾಯಿ ಮುಕ್ಕಾಲು ಸೆಮಿಟೋನ್‌ನಷ್ಟು ಇಳಿದು ದನಿ ಭಾರವಾಗುತ್ತದೆ, ಹಾಗಾಗಿ ಸ್ಥಾಯಿ ಕಾಪಾಡುವ ಟೈಮ್ ಸ್ಟ್ರೆಚ್ ಬಳಸಿ. 25 ಫ್ರೇಮ್‌ನ ಡಿಸಿಪಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಂಡರೆ ಈ ಗೋಜೇ ಇಲ್ಲ.

ಹಕ್ಕಿನ ವಿಷಯ: ಫ್ರೀಸೌಂಡ್ ಎಂಬ ಸದ್ದುಗಳ ಜಾಲತಾಣದಲ್ಲಿ ಪ್ರತಿ ಫೈಲಿಗೂ ಬೇರೆ ಲೈಸೆನ್ಸ್. ಸಿಸಿ ಸೊನ್ನೆ (ಹಕ್ಕು ಪೂರ್ತಿ ಬಿಟ್ಟುಕೊಟ್ಟದ್ದು) ಇದ್ದರೆ ನಿಶ್ಚಿಂತೆ, ಅಟ್ರಿಬ್ಯೂಷನ್ ಇದ್ದರೆ ಹೆಸರು ಹಾಕಬೇಕು, ನಾನ್-ಕಮರ್ಷಿಯಲ್ ಇದ್ದರೆ ಮುಟ್ಟದಿರುವುದೇ ಕ್ಷೇಮ. ನಾಳೆ ಯಾವುದಾದರೂ ಒಟಿಟಿ ಕೊಂಡರೆ ತೊಂದರೆ. ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್ ಇಡಿ.

---

ಹೆಂಚಿನಮನೆ ಉತ್ತರ

ಸರ್, ಡಿಸಿಪಿ ಮಾಡುವವರಿಗೆ ಚಿತ್ರ, ಸೌಂಡ್ ಬೇರೆ ಬೇರೆ ಫೈಲಾಗಿ ಕೊಡಬೇಕಂತೆ. ಸಿಂಕ್ ತಪ್ಪದಂತೆ ಏನು ಮಾಡಬೇಕು?

---

ಫೇಡರ್_ಸೊನ್ನೆ ಉತ್ತರ

ಟೂ-ಪಾಪ್ ಹಾಕಿ, ಅಂದರೆ ಸಿಂಕ್ ನೋಡಲು ಚಿತ್ರಕ್ಕೆ ಎರಡು ಸೆಕೆಂಡ್ ಮುಂಚೆ ಒಂದು ಸಣ್ಣ ಬೀಪ್. ಚಿತ್ರದ ಮೊದಲ ಫ್ರೇಮ್ 01:00:00:00ಕ್ಕೆ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್) ಬರುವ ಹಾಗೆ ಇಟ್ಟು, ಟೈಮ್‌ಲೈನ್ ಶುರುವನ್ನು 00:59:50:00ಕ್ಕೆ ಬದಲಿಸಿ. 00:59:58:00ರಲ್ಲಿ ಒಂದೇ ಫ್ರೇಮ್ ಉದ್ದದ 1 ಕಿಲೋಹರ್ಟ್ಸ್ ಟೋನ್, ಮೈನಸ್ 20 ಡೆಸಿಬೆಲ್‌ನಲ್ಲಿ, ಎಲ್ಲ ಚಾನೆಲ್‌ಗೂ. ಚಿತ್ರದಲ್ಲಿ ಅದೇ ಫ್ರೇಮಿಗೆ 2 ಎಂಬ ಅಂಕಿ, ಆಚೀಚೆ ಕಪ್ಪು. ಕೊನೆಯ ಫ್ರೇಮ್ ಆಗಿ ಎರಡು ಸೆಕೆಂಡಿಗೆ ಇನ್ನೊಂದು ಪಾಪ್. ಮೊದಲನೆಯದು ಕೂತು ಕೊನೆಯದು ಕೂರದಿದ್ದರೆ ಯಾರೋ ಫ್ರೇಮ್ ರೇಟ್ ಬದಲಿಸಿದ್ದಾರೆ ಎಂದರ್ಥ. ಎರಡೂ ಒಂದೇ ಅಳತೆಯಲ್ಲಿ ಜರುಗಿದ್ದರೆ ಫೈಲನ್ನು ಅಷ್ಟು ಸರಿಸಿದರೆ ಆಯಿತು.